ಪ್ರಶ್ನೋತ್ತರ ತಾಣದಲ್ಲಿ ಹಾಕಿದ ಪ್ರಶ್ನೆ ಯಾಕೆ ತೆಗೀತಾರೆ? ಮೂರಕ್ಕೆ ಮೂರೂ ಹೋದವು

ಹುಲೇಕಲ್ ರಸ್ತೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಈ ನಾಲ್ಕು ಪೇಟೆಯ ಅಡಿಕೆ ಧಾರಣೆಯನ್ನು ದಿನಾ ಒಂದೇ ಕಡೆ ಸೇರಿಸಿಡುವ ಸಣ್ಣ ಪೈಥಾನ್ ಪ್ರೋಗ್ರಾಂ ಬರೀತಾ ಇದ್ದೇನೆ. ಪ್ರೋಗ್ರಾಮಿಂಗ್‌ನವರ ಒಂದು ಇಂಗ್ಲಿಷ್ ಪ್ರಶ್ನೋತ್ತರ ತಾಣದಲ್ಲಿ ಮೂರು ಪ್ರಶ್ನೆ ಹಾಕಿದೆ.

ಮೊದಲನೆಯದು: ಪ್ರೋಗ್ರಾಂ ಬರೆದ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ) ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಬರ್ತದೆ. ಇದು ನಕಲು ಅಂತ ಮುಚ್ಚಿದರು. ಅವರು ತೋರಿಸಿದ ಹಳೇ ಪ್ರಶ್ನೆಯಲ್ಲಿ ಕನ್ನಡದ ಸುದ್ದಿಯೇ ಇಲ್ಲ, ಬೇರೆ ಯಾವುದೋ ಭಾಷೆಯದ್ದು.

ಎರಡನೆಯದು: ಪಟ್ಟಿಯಲ್ಲಿ ಇರುವ ಅಡಿಕೆ ವಿಧದ ಹೆಸರನ್ನೇ ಹುಡುಕಿದರೂ ಸಿಗುವುದಿಲ್ಲ. ಚಾಲಿ, ರಾಶಿ, ಬೆಟ್ಟೆ ಎಲ್ಲ ಸರಿಯಾಗಿ ಸಿಗ್ತವೆ. ಕೋಕಾ, ಬಿಳೆಗೋಟು, ಕೆಂಪುಗೋಟು ಮಾತ್ರ ಇಲ್ಲ ಅಂತದೆ. ಸ್ಪಷ್ಟವಾದ ಸ್ಕ್ರೀನ್‌ಶಾಟ್ ಹಾಕಿದ್ದೆ. ‘ವಿವರ ಸಾಲದು’ ಅಂತ ಅದನ್ನೂ ಮುಚ್ಚಿದರು.

ಮೂರನೆಯದು: ಇಂಥ ಕೆಲಸಕ್ಕೆ ಯಾವ ಡೇಟಾಬೇಸ್ ಒಳ್ಳೆಯದು ಅಂತ ಕೇಳಿದ್ದು. ಅದು ‘ಅಭಿಪ್ರಾಯ ಕೇಳುವ ಪ್ರಶ್ನೆ’ ಅಂತೆ. ಮುಚ್ಚಿ ಹನ್ನೆರಡು ದಿನ ಆದ ಮೇಲೆ ನೋಡಿದರೆ ಪುಟವೇ ಇಲ್ಲ.

ಉಳಿದ ಎರಡನ್ನೂ ನಾನೇ ಅಳಿಸಿ, ಹೊಸದಾಗಿ ಹಾಕಲಾ?

ಅಘನಾಶಿನಿ

ನಿಮ್ಮ ಕಡೆಯ ಸಾಲಿಗೆ ಮೊದಲು ಉತ್ತರ ಹೇಳ್ತೇನೆ: ಅಳಿಸಬೇಡಿ.

ಮುಚ್ಚುವುದು ಬೇರೆ, ಅಳಿಸುವುದು ಬೇರೆ. ನಾವು ಎರಡಕ್ಕೂ ‘ತೆಗೆದರು’ ಅಂತೇವೆ, ಗೊಂದಲ ಶುರುವಾಗುವುದೇ ಅಲ್ಲಿ. ನೀವು ಯಾವ ತಾಣದಲ್ಲಿ ಹಾಕಿದಿರೋ ಗೊತ್ತಿಲ್ಲ. ಸ್ಟಾಕ್ ಓವರ್‌ಫ್ಲೋದ ನಿಯಮ ಇಟ್ಟುಕೊಂಡು ಹೇಳ್ತೇನೆ. 2008ರಲ್ಲಿ ಶುರುವಾದ ತಾಣ ಅದು, ನಿಯಮಗಳನ್ನೆಲ್ಲ ಬಹಿರಂಗವಾಗಿ ಬರೆದಿಟ್ಟಿದ್ದಾರೆ, ಅದೇ ಕುಟುಂಬದ ಉಳಿದ ತಾಣಗಳಿಗೂ ಚೌಕಟ್ಟು ಹೆಚ್ಚುಕಡಿಮೆ ಅದೇ.

ಅಲ್ಲಿ 3000 ಅಂಕ ಗಳಿಸಿದವರು ಪ್ರಶ್ನೆ ಮುಚ್ಚಲು ಮತ ಹಾಕಬಹುದು. ಮೂರು ಮತ ಬಿದ್ದರೆ ಮುಚ್ಚುತ್ತದೆ (ಮೊದಲು ಐದು ಬೇಕಿತ್ತು). ಮುಚ್ಚಿದ ಮೇಲೆ ಹೊಸ ಉತ್ತರ ಬರೆಯಲು ಬರುವುದಿಲ್ಲ, ಅಷ್ಟೇ. ಪುಟ ಅಲ್ಲೇ ಇರ್ತದೆ. ನೀವು ತಿದ್ದಬಹುದು, ತಿದ್ದಿ ಮತ್ತೆ ತೆರೆಯಲು ಪರಿಶೀಲನೆಗೆ ಕಳಿಸಬಹುದು. ತೆರೆಯುವುದಕ್ಕೂ ಮೂರು ಮತ. ಅಂದರೆ ಮುಚ್ಚುವುದು ‘ಇದು ಈಗ ಇರುವ ರೂಪದಲ್ಲಿ ಉತ್ತರ ಬರೆಯಲು ಆಗದು, ಸ್ವಲ್ಪ ನಿಲ್ಲಿ’ ಅಂತ ಹೇಳಿದ ಹಾಗೆ.

ಅಳಿಸುವುದು ಮೂರು ದಾರಿಯಲ್ಲಿ ಆಗ್ತದೆ. ನೀವೇ ಅಳಿಸಬಹುದು. 10,000 ಅಂಕದವರು, ಮುಚ್ಚಿ ಎರಡು ದಿನ ಕಳೆದ ಮೇಲೆ, ಮತ ಹಾಕಿ ಅಳಿಸಬಹುದು. ಮೂರನೆಯದು ಯಂತ್ರ, ನಿಮ್ಮ ಡೇಟಾಬೇಸ್ ಪ್ರಶ್ನೆ ಹೋದದ್ದು ಬಹುತೇಕ ಹೀಗೇ. ಮುಚ್ಚಿ 9 ದಿನ ದಾಟಿರಬೇಕು, ಪ್ರಶ್ನೆಯ ಅಂಕ (ಮೇಲ್ಮತದಲ್ಲಿ ಕೆಳಮತ ಕಳೆದದ್ದು) ಸೊನ್ನೆ ಅಥವಾ ಅದಕ್ಕಿಂತ ಕೆಳಗಿರಬೇಕು, ಮೆಚ್ಚುಗೆ ಪಡೆದ ಅಥವಾ ಸ್ವೀಕರಿಸಿದ ಉತ್ತರ ಒಂದೂ ಇರಬಾರದು, ಆ 9 ದಿನದಲ್ಲಿ ಯಾರೂ ತಿದ್ದಿರಬಾರದು. ಇಷ್ಟೂ ಕೂಡಿದರೆ ಯಂತ್ರ ತಾನಾಗಿ ಅಳಿಸುತ್ತದೆ. ಯಾರೂ ಕೂತು ನಿಮ್ಮ ಮೇಲೆ ತೀರ್ಪು ಕೊಟ್ಟದ್ದಲ್ಲ.

ಮುಚ್ಚದೇ ಇರುವ ಪ್ರಶ್ನೆಗೂ ಹೀಗೊಂದು ಲೆಕ್ಕ ಇದೆ: ಅಂಕ ಸೊನ್ನೆಗಿಂತ ಕೆಳಗಿದ್ದು ಉತ್ತರ ಇಲ್ಲದಿದ್ದರೆ 30 ದಿನ. ಅಂಕ ಸೊನ್ನೆ, ಉತ್ತರ ಇಲ್ಲ, ನೋಡಿದವರು ಕಡಿಮೆ, ಟಿಪ್ಪಣಿಯೂ ಒಂದಕ್ಕಿಂತ ಹೆಚ್ಚಿಲ್ಲ ಅಂದರೆ 365 ದಿನ.

ಅಳಿಸಿ ಮತ್ತೆ ಹಾಕುವುದರ ತೊಂದರೆ ಏನೆಂದರೆ, ಒಂದೇ ಖಾತೆಯಿಂದ ಕೆಳಮತ ಬಿದ್ದ, ಮುಚ್ಚಿದ, ಅಳಿಸಿದ ಪ್ರಶ್ನೆಗಳು ಹೆಚ್ಚಾದರೆ ತಾಣ ಹೊಸ ಪ್ರಶ್ನೆ ಕೇಳದಂತೆ ತಡೆಯುತ್ತದೆ. ನೀವು ಅಳಿಸಿದರೂ ಆ ಲೆಕ್ಕದಿಂದ ಅವು ಹೋಗುವುದಿಲ್ಲ. ಅದೇ ಪ್ರಶ್ನೆ ಎರಡನೇ ಸಲ ಹಾಕಿದರೆ ನಕಲು ಅಂತ ಅದನ್ನೂ ಮುಚ್ಚುತ್ತಾರೆ, ಎಣಿಕೆ ಎರಡಾಗ್ತದೆ. ಹಾಗಾಗಿ ಈಗಲೇ ನಿಮ್ಮ ಎರಡೂ ಪ್ರಶ್ನೆಯನ್ನು 9 ದಿನದೊಳಗೆ ತಿದ್ದಿ.

ಸದಾಶಿವಗಡ

ಅಘನಾಶಿನಿಯವರ ಮಾತಿಗೆ ಒಂದು ತಿದ್ದುಪಡಿ: ನಕಲು ಅಂತ ಮುಚ್ಚಿದ ಪ್ರಶ್ನೆಗೆ ಆ 9 ದಿನದ ನಿಯಮ ಅನ್ವಯಿಸುವುದಿಲ್ಲ. ಅದನ್ನು ಬೇಕಂತಲೇ ಉಳಿಸಿಕೊಳ್ತಾರೆ, ಯಾಕೆಂದು ಆಮೇಲೆ ಹೇಳ್ತೇನೆ. ಇನ್ನೊಂದು, ನಕಲಿಗೆ ಮೂರು ಮತವೇ ಬೇಕು ಅಂತಿಲ್ಲ. ಆ ವಿಷಯದ ಟ್ಯಾಗ್‌ನಲ್ಲಿ ಚಿನ್ನದ ಬ್ಯಾಡ್ಜ್ ಇದ್ದವರು ಒಬ್ಬರೇ ಮುಚ್ಚಬಲ್ಲರು. ಪೈಥಾನ್ ಟ್ಯಾಗ್‌ನಲ್ಲಿ ಅಂಥವರು ಬಹಳ ಜನ ಇದ್ದಾರೆ, ಹಾಗಾಗಿ ಹಾಕಿದ ಐದು ನಿಮಿಷದಲ್ಲೇ ಮುಚ್ಚಿದರೂ ಆಶ್ಚರ್ಯ ಇಲ್ಲ.

ಈಗ ‘ಅವರದ್ದು ಬೇರೆ ಭಾಷೆ, ನನ್ನದು ಕನ್ನಡ’ ಎನ್ನುವ ಮಾತು. ಒಂದು ಅಕ್ಷರ ಹಿಡಿದು ನೋಡುವಾ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ, ಅದರಲ್ಲಿ ‘ಅ’ ಅಕ್ಷರದ ಸಂಖ್ಯೆ 0ಸಿ85 (ಈ ಬರಹದಲ್ಲಿ ಇಂಗ್ಲಿಷಿನ ಎಯಿಂದ ಎಫ್ ವರೆಗಿನ ಅಕ್ಷರಗಳೂ ಅಂಕಿಗಳೇ). ಆ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡುವ ಒಂದು ರೀತಿ ಯುಟಿಎಫ್‌-8, ಅದರಲ್ಲಿ ಬರೆದರೆ ಮೂರು ಬೈಟ್ ಆಗ್ತದೆ: ಇ0, ಬಿ2, 85. ಫೈಲ್ ಯುಟಿಎಫ್‌-8 ಅಂತ ಎಕ್ಸೆಲ್‌ಗೆ ಯಾರೂ ಹೇಳದಿದ್ದರೆ, ಇಂಗ್ಲಿಷ್ ವಿಂಡೋಸ್‌ನಲ್ಲಿ ಅದು ವಿಂಡೋಸ್‌-1252 (ಒಂದು ಬೈಟಿಗೆ ಒಂದು ಅಕ್ಷರದ ಹಳೇ ಪದ್ಧತಿ) ಎಂದುಕೊಂಡು ಆ ಮೂರು ಬೈಟನ್ನು ಮೂರು ಬೇರೆ ಬೇರೆ ಅಕ್ಷರವಾಗಿ ಓದುತ್ತದೆ. ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಮೇಲಕ್ಕೇರಿಸಿ ಬರೆದ ಪುಟ್ಟ 2, ಆಮೇಲೆ ಮೂರು ಚುಕ್ಕಿ. ಕನ್ನಡದ ಯಾವ ಅಕ್ಷರ ಹಾಳಾದರೂ ಮೊದಲು ಆ ‘ಎ’, ಅದರ ಬೆನ್ನಿಗೆ ಪುಟ್ಟ 2 ಅಥವಾ ಪುಟ್ಟ 3 ಕಾಣಲೇಬೇಕು. ನಿಮ್ಮ ಎಕ್ಸೆಲ್‌ನಲ್ಲಿ ಕಾಣುವುದು ಅದೇನಾ ನೋಡಿ. ಹಿಂದಿಯಲ್ಲಿ ಎರಡನೇ ಬೈಟ್ ಬೇರೆ, ಜಪಾನಿಯಲ್ಲಿ ಮೊದಲನೆಯದೇ ಬೇರೆ. ಕಸ ಕಾಣುವ ರೀತಿ ಬೇರೆ ಬೇರೆ, ಮೂಲ ಒಂದೇ. ಆದ್ದರಿಂದ ಮುಚ್ಚಿದ್ದು ಸರಿ.

ಪರಿಹಾರವೂ ಒಂದೇ. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್‌-8’ ಬದಲು ‘ಯುಟಿಎಫ್‌-8-ಸಿಗ್’ ಕೊಡಿ. ಅದು ಫೈಲಿನ ತಲೆಗೆ ಇಎಫ್, ಬಿಬಿ, ಬಿಎಫ್ ಎಂಬ ಮೂರು ಬೈಟ್ ಸೇರಿಸುತ್ತದೆ. ಎಕ್ಸೆಲ್ ಅದನ್ನು ನೋಡಿ ಯುಟಿಎಫ್‌-8 ಅಂತ ಅರ್ಥ ಮಾಡಿಕೊಳ್ತದೆ. ಈಗಾಗಲೇ ಬರೆದಿಟ್ಟ ಫೈಲಿಗೆ: ಎಕ್ಸೆಲ್‌ನಲ್ಲಿ ಡೇಟಾ ಮೆನು, ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’, ಫೈಲ್ ಆರಿಸಿ, ‘ಫೈಲ್ ಒರಿಜಿನ್’ನಲ್ಲಿ 65001 (ಯುಟಿಎಫ್‌-8) ಆರಿಸಿ. ಎರಡು ಸಲ ಕ್ಲಿಕ್ ಮಾಡಿ ನೇರ ತೆರೆದು, ಹಾಳಾದದ್ದನ್ನೇ ಸೇವ್ ಮಾಡಿಬಿಟ್ಟರೆ ಮೂಲ ಫೈಲೂ ಕೆಡಬಹುದು, ಅದೊಂದು ಜಾಗ್ರತೆ. ಇನ್ನು ಅದೇ ಫೈಲನ್ನು ವಾಪಸ್ ಪೈಥಾನ್‌ನಲ್ಲಿ ಓದುವಾಗಲೂ ‘ಸಿಗ್’ ಬೇಕು. ಬರೀ ‘ಯುಟಿಎಫ್‌-8’ ಕೊಟ್ಟರೆ ಆ ಗುರುತು ಮೊದಲ ಕಾಲಮ್‌ನ ಹೆಸರಿಗೆ ಕಾಣದಂತೆ ಅಂಟಿಕೊಂಡು, ‘ದಿನಾಂಕ’ ಎಂಬ ಕಾಲಮ್ಮೇ ಇಲ್ಲ ಅನ್ನುತ್ತದೆ.

ನಕಲು ಅಲ್ಲದಿರುವ ಒಂದು ಸಂದರ್ಭ ಮಾತ್ರ ಇದೆ. ಧಾರಣೆ ಪಟ್ಟಿ ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾಗಿದ್ದರೆ ಅದು ಯುನಿಕೋಡ್ ಅಲ್ಲವೇ ಅಲ್ಲ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು. ಪರೀಕ್ಷೆ ಸುಲಭ: ಆ ಪಠ್ಯ ಆರಿಸಿ ಫಾಂಟನ್ನು ವಿಂಡೋಸ್‌ನ ಯುನಿಕೋಡ್ ಫಾಂಟ್ ನಿರ್ಮಲಾ ಯುಐಗೆ ಬದಲಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಆದರೆ ಹಳೇ ಫಾಂಟ್, ಮೊದಲು ಪರಿವರ್ತಕದಲ್ಲಿ ಹಾಕಬೇಕು. ಹಾಗಿದ್ದ ಪಕ್ಷದಲ್ಲಿ ಪ್ರಶ್ನೆ ತಿದ್ದಿ, ‘ತೋರಿಸಿದ ಉತ್ತರ ಮಾಡಿ ನೋಡಿದೆ, ಈ ಕಾರಣಕ್ಕೆ ಹೊಂದಲಿಲ್ಲ, ಫೈಲಿನ ಮೊದಲ 12 ಬೈಟ್ ಇವು’ ಅಂತ ಬರೆದರೆ ತೆರೆಯುತ್ತಾರೆ. ಬರೀ ‘ನನ್ನದು ಬೇರೆ’ ಅಂದರೆ ಯಾರೂ ಕೇಳುವುದಿಲ್ಲ.

ಉಳಿಸಿಕೊಳ್ಳುವುದು ಯಾಕೆ ಅಂದರೆ, ಮುಂದೆ ಇದೇ ತೊಂದರೆ ಬಂದವರು ‘ಎಕ್ಸೆಲ್ ಕನ್ನಡ’ ಅಂತಲೇ ಹುಡುಕುತ್ತಾರೆ. ಅವರಿಗೆ ಸಿಗುವುದು ನಿಮ್ಮ ಪುಟ, ಅಲ್ಲಿಂದ ಉತ್ತರ ಇರುವ ಪುಟಕ್ಕೆ ದಾರಿ. ಕೈಮರ ಇದ್ದ ಹಾಗೆ. ಅದನ್ನು ಕಿತ್ತು ಹಾಕಬೇಡಿ.

ತದಡಿ

ಎರಡನೇ ಪ್ರಶ್ನೆ ಮುಚ್ಚಿದ ಬಗ್ಗೆ ನಿಮಗೆ ಬೇಜಾರಾಗಿದೆ ಅಂತ ಕಾಣ್ತದೆ, ಆದರೆ ಸ್ಕ್ರೀನ್‌ಶಾಟ್ ಬೇಡ, ಪಠ್ಯವಾಗಿಯೇ ಹಾಕಿ ಅನ್ನುವ ನಿಯಮಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇರೆ ಬೇಡ.

ನೀವು ಇಲ್ಲಿ ಬರೆದ ಹೆಸರು ನೋಡಿ. ಸಿಗುವವು: ಚಾಲಿ, ರಾಶಿ, ಬೆಟ್ಟೆ. ಸಿಗದವು: ಕೋಕಾ, ಬಿಳೆಗೋಟು, ಕೆಂಪುಗೋಟು. ಸಿಗದ ಮೂರರಲ್ಲೂ ‘ಕೋ’ ಅಥವಾ ‘ಗೋ’ ಇದೆ. ಸಿಕ್ಕಿದವುಗಳಲ್ಲಿ ಓತ್ವ ಒಂದೂ ಇಲ್ಲ. ಈ ಪಟ್ಟಿ ಅಲ್ಲಿನ ಪ್ರಶ್ನೆಯಲ್ಲಿ ಇತ್ತಾ, ಅಥವಾ ಚಿತ್ರದಲ್ಲಿ ಒಂದೇ ಹೆಸರು ಇತ್ತಾ?

ದಯವಿಟ್ಟು ಎರಡು ಕೆಲಸ ಮಾಡಿ. ಫೈಲಿನಿಂದ ಓದಿದ ‘ಕೋಕಾ’, ನೀವು ಪ್ರೋಗ್ರಾಂನಲ್ಲಿ ಟೈಪ್ ಮಾಡಿದ ‘ಕೋಕಾ’, ಎರಡಕ್ಕೂ ‘ಲೆನ್’ ಹಾಕಿ ಉದ್ದ ನೋಡಿ. ಆಮೇಲೆ ಎರಡನ್ನೂ, ಅಕ್ಷರದ ಬದಲು ಅದರ ಸಂಖ್ಯೆ ತೋರಿಸುವ ‘ಆಸ್ಕಿ’ ಫಂಕ್ಷನ್‌ಗೆ ಕೊಟ್ಟು ಬಂದದ್ದನ್ನು ಇಲ್ಲಿ ಹಾಕಿ.

ಹುಲೇಕಲ್ ರಸ್ತೆ (ಶಿರಸಿ)

ಚಿತ್ರದಲ್ಲಿ ಕೋಕಾ ಒಂದೇ ಇತ್ತು. ಉಳಿದವುಗಳ ವಿಷಯ ಅಲ್ಲಿ ಬರೆದಿರಲಿಲ್ಲ.

ಟೈಪ್ ಮಾಡಿದ್ದರ ಉದ್ದ 4: 0ಸಿ95, 0ಸಿಸಿಬಿ, 0ಸಿ95, 0ಸಿಬಿಇ.
ಫೈಲಿನದ್ದು 6: 0ಸಿ95, 0ಸಿಸಿ6, 0ಸಿಸಿ2, 0ಸಿಡಿ5, 0ಸಿ95, 0ಸಿಬಿಇ.

ಎರಡೂ ಪ್ರಿಂಟ್ ಮಾಡಿದರೆ ಕಣ್ಣಿಗೆ ಒಂದೇ ಥರ ಕಾಣ್ತವೆ!

ತದಡಿ

ಅದೇ. ಓತ್ವದ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಲು ಬರ್ತದೆ. ಒಂದೇ ಸಂಕೇತವಾಗಿ (0ಸಿಸಿಬಿ), ಅಥವಾ ಬಿಡಿಸಿ ಎತ್ವ, ಊತ್ವ, ದೀರ್ಘದ ಚಿಹ್ನೆ ಹೀಗೆ ಮೂರಾಗಿ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಹೋಲಿಸಿದರೆ ಬೇರೆ ಬೇರೆ. ಹೀಗೆ ಬಿಡಿಸಬಹುದಾದ ಸ್ವರಚಿಹ್ನೆ ಕನ್ನಡದಲ್ಲಿ ಐದು: ಈ, ಏ, ಐ, ಒ, ಓ ಸ್ವರಗಳವು. ಆ, ಇ, ಎ ಚಿಹ್ನೆಗಳು ಬಿಡಿಸಲು ಬರುವುದಿಲ್ಲ, ಅದಕ್ಕೇ ಚಾಲಿ, ರಾಶಿ, ಬೆಟ್ಟೆ ಪಾರಾದವು. ಪಿಡಿಎಫ್‌ನಿಂದ ಹೊರತೆಗೆದ ಪಠ್ಯದಲ್ಲಿ, ಹಳೇ ಮ್ಯಾಕ್‌ನ ಫೈಲ್ ಹೆಸರುಗಳಲ್ಲಿ ಬಿಡಿಸಿದ ರೂಪ ಬರಬಹುದು.

ಪರಿಹಾರ: ‘ಯುನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ (ಬಿಡಿಸಿದ್ದನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಆಯ್ಕೆ) ಎಂದು ಕೊಟ್ಟು, ಫೈಲಿನಿಂದ ಓದಿದ ಪ್ರತಿ ಹೆಸರನ್ನೂ ಅದರಿಂದ ದಾಟಿಸಿ. ಹೋಲಿಸುವ ನಿಮ್ಮ ಪಟ್ಟಿಯನ್ನೂ ದಾಟಿಸಿ, ಒಂದು ಕಡೆ ಮಾತ್ರ ಮಾಡಿದರೆ ನಾಳೆ ಮತ್ತೆ ಇನ್ನೊಂದು ಕಡೆಯಿಂದ ತಪ್ಪುತ್ತದೆ. ಪಾಂಡಾಸ್ (ಪಟ್ಟಿಗಳ ಕೆಲಸಕ್ಕೆ ಇರುವ ಪೈಥಾನ್ ಲೈಬ್ರರಿ) ಬಳಸುತ್ತಿದ್ದರೆ ಕಾಲಮ್‌ಗೇ ‘ಸ್ಟ್ರ್ ಡಾಟ್ ನಾರ್ಮಲೈಸ್’ ಇದೆ. ಓದಿದ ಕೂಡಲೇ ಮಾಡಿ, ಹುಡುಕುವ ಜಾಗದಲ್ಲಿ ಅಲ್ಲ.

ಈಗ ಆ ಸ್ಕ್ರೀನ್‌ಶಾಟ್ ನೆನಪು ಮಾಡಿಕೊಳ್ಳಿ. ಉತ್ತರ ಹೇಳಬಲ್ಲವರು ಅದರಲ್ಲಿ ನೋಡಿದ್ದು ಎರಡು ಒಂದೇ ರೀತಿಯ ‘ಕೋಕಾ’. ಕನ್ನಡ ಬಾರದವರಿಗೆ ಅದು ಬರೀ ಚಿತ್ರ, ಬರುವವರಿಗೂ ಚಿತ್ರವೇ. ಪಠ್ಯವಾಗಿ ಅಂಟಿಸಿದ್ದರೆ ಯಾರಾದರೂ ನಕಲು ಮಾಡಿಕೊಂಡು ತಮ್ಮಲ್ಲಿ ಓಡಿಸಿ, 4 ಮತ್ತು 6 ಅನ್ನುವುದನ್ನು ಒಂದು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದರು. ವ್ಯತ್ಯಾಸ ಇದ್ದದ್ದೇ ಚಿತ್ರ ತೋರಿಸಲಾರದ ಜಾಗದಲ್ಲಿ.

ತಿದ್ದುವಾಗ ಹೀಗೆ ಮಾಡಿ. ಪೇಟೆ, ಕ್ವಿಂಟಲ್, ದಿನಾಂಕ, ಫೈಲ್ ಇಳಿಸುವ ಭಾಗ ಎಲ್ಲ ಕಿತ್ತು ಹಾಕಿ. ಒಂದೊಂದೇ ಭಾಗ ತೆಗೆದು ಓಡಿಸಿ, ತಪ್ಪು ಇನ್ನೂ ಬರ್ತಾ ಇದ್ದರೆ ಆ ಭಾಗ ಬೇಡವಾಗಿತ್ತು. ಕೊನೆಗೆ ಉಳಿಯುವುದು ನಾಲ್ಕೈದು ಸಾಲು: ಎರಡು ಪದ, ಒಂದು ಹೋಲಿಕೆ, ಅದರ ಫಲಿತಾಂಶ. ಪದಗಳನ್ನು ‘ಆಸ್ಕಿ’ ರೂಪದಲ್ಲೇ ಬರೆಯಿರಿ, ಮಧ್ಯದಲ್ಲಿ ಬ್ರೌಸರೋ ಎಡಿಟರೋ ರೂಪ ಬದಲಿಸಿದರೂ ಕೆಡಬಾರದು. ಕೆಳಗೆ: ‘ಟ್ರೂ’ ಬರಬೇಕಿತ್ತು, ‘ಫಾಲ್ಸ್’ ಬಂತು, ಪೈಥಾನ್ ಆವೃತ್ತಿ ಇದು, ಫೈಲ್ ಇಂಥ ಕಡೆಯಿಂದ ಬಂದದ್ದು. ಯಾವ ಹೆಸರು ಸಿಕ್ಕವು, ಯಾವುದು ಸಿಗಲಿಲ್ಲ ಎಂಬ ಪಟ್ಟಿ ಮರೆಯಬೇಡಿ, ನನಗೆ ಗೊತ್ತಾದದ್ದೇ ಅದರಿಂದ. ಶೀರ್ಷಿಕೆಯಲ್ಲಿ ‘ಸಹಾಯ ಬೇಕು’ ಬೇಡ. ‘ಒಂದೇ ಥರ ಕಾಣುವ ಎರಡು ಕನ್ನಡ ಪದ ಪೈಥಾನ್‌ನಲ್ಲಿ ಸಮ ಆಗುತ್ತಿಲ್ಲ, ಉದ್ದ 4 ಮತ್ತು 6’ ಅಂತ ಇಂಗ್ಲಿಷ್‌ನಲ್ಲಿ ಬರೆಯಿರಿ.

ಹೀಗೆ ತಿದ್ದಿದರೆ ಇದನ್ನೂ ನಕಲು ಅಂತ ಮುಚ್ಚಬಹುದು ಅಂತ ಈಗಲೇ ಹೇಳಿಡ್ತೇನೆ. ನಾರ್ಮಲೈಸ್ ಬಗ್ಗೆ ಯುರೋಪಿನ ಭಾಷೆಗಳ ಉದಾಹರಣೆ ಇಟ್ಟುಕೊಂಡ ಹಳೇ ಪ್ರಶ್ನೆ ಇದ್ದೇ ಇರ್ತವೆ. ‘ವಿವರ ಸಾಲದು’ ಹೋಗಿ ‘ನಕಲು’ ಬಂದರೆ ಅದು ಲಾಭವೇ. ಸದಾಶಿವಗಡದವರು ಹೇಳಿದ ಹಾಗೆ ಪುಟ ಉಳೀತದೆ, ಓತ್ವದ ಈ ಸಮಸ್ಯೆಯನ್ನು ಕನ್ನಡದ ಹೆಸರಲ್ಲಿ ಹುಡುಕಿ ಬಂದವರಿಗೆ ಸಿಗ್ತದೆ.

ಸೋಂದಾ

ಮೂರನೆಯದ್ದರ ಬಗ್ಗೆ ಯಾರೂ ಬರೆಯಲಿಲ್ಲ.

‘ಯಾವುದು ಒಳ್ಳೆಯದು’ ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳ್ತಾರೆ, ಯಾವ ಉತ್ತರ ಸರಿ ಅಂತ ತೀರ್ಮಾನಿಸುವ ಅಳತೆಗೋಲು ಇಲ್ಲ. ಅಂಕ ಕೊಟ್ಟು ಉತ್ತರಗಳನ್ನು ಮೇಲೆ ಕೆಳಗೆ ಮಾಡುವ ತಾಣದಲ್ಲಿ ಅದು ಜನಪ್ರಿಯತೆಯ ಸ್ಪರ್ಧೆ ಆಗಿಬಿಡ್ತದೆ. ಲೈಬ್ರರಿ, ಉಪಕರಣ, ಪಾಠ ಸೂಚಿಸಿ ಎನ್ನುವ ಪ್ರಶ್ನೆಯೂ ಸ್ಟಾಕ್ ಓವರ್‌ಫ್ಲೋದ ಸಾಮಾನ್ಯ ಪ್ರಶ್ನೋತ್ತರದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಅದೇ ಕುಟುಂಬದಲ್ಲಿ ಸಾಫ್ಟ್‌ವೇರ್ ಶಿಫಾರಸಿನ ಬೇರೆ ತಾಣವೇ ಇದೆ, ಆದರೆ ಅಲ್ಲೂ ನಿಮ್ಮ ಅಗತ್ಯವನ್ನು ಲೆಕ್ಕದಲ್ಲಿ ಹೇಳಬೇಕು. ನಿಮ್ಮದಕ್ಕೆ ಲೆಕ್ಕ ಹಾಕಿದರೆ ಪ್ರಶ್ನೆಯೇ ಉಳಿಯುವುದಿಲ್ಲ: ನಾಲ್ಕು ಪೇಟೆ, ಪೇಟೆಗೆ ಹತ್ತು ವಿಧ ಅಂದರೂ ದಿನಕ್ಕೆ 40 ಸಾಲು. ವರ್ಷಕ್ಕೆ 300 ವಹಿವಾಟಿನ ದಿನ ಹಿಡಿದರೆ 12,000. ಇಪ್ಪತ್ತು ವರ್ಷಕ್ಕೂ ಎರಡೂವರೆ ಲಕ್ಷ ಮುಟ್ಟುವುದಿಲ್ಲ. ಪೈಥಾನ್ ಜೊತೆಗೇ ಬರುವ ಸಣ್ಣ ಡೇಟಾಬೇಸ್ ಎಸ್‌ಕ್ಯೂಲೈಟ್ ಧಾರಾಳ ಸಾಕು.

ಆ ತಾಣದಲ್ಲಿ ಪ್ರಶ್ನೆ ಇಂಗ್ಲಿಷ್‌ನಲ್ಲೇ ಇರಬೇಕು, ಉದಾಹರಣೆಯಲ್ಲಿ ಕನ್ನಡ ಇರಬಹುದು. ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಜಪಾನಿಗೆ ಪ್ರತ್ಯೇಕ ಸ್ಟಾಕ್ ಓವರ್‌ಫ್ಲೋ ಇವೆ, ಕನ್ನಡಕ್ಕೆ ಇಲ್ಲ. ಪ್ರಶ್ನೆಯ ಮೊದಲಿಗೆ ನಮಸ್ಕಾರ, ಕೊನೆಗೆ ಧನ್ಯವಾದ ಬರೆದರೆ ಯಾರೋ ಬಂದು ತೆಗೀತಾರೆ. ಅದು ತಾಣದ ಪದ್ಧತಿ, ಅವಮಾನ ಅಂತ ತಿಳಿಯಬೇಡಿ.

ಆದರೆ ಒಂದು ಮಾತು ಹೇಳಲೇಬೇಕು. ಮುಚ್ಚಿದ್ದು ಸರಿ ಅಂತ ಮೇಲೆ ಎಲ್ಲರೂ ಹೇಳಿದಿರಿ, ನಿಯಮದ ಪ್ರಕಾರ ಹೌದು. ಎರಡನೇ ಪ್ರಶ್ನೆಗೆ ‘ಇನ್ಯಾವ ಹೆಸರು ಸಿಗುವುದಿಲ್ಲ’ ಅಂತ ತದಡಿಯವರ ಹಾಗೆ ಒಬ್ಬರು ಒಂದು ಸಾಲು ಕೇಳಿದ್ದರೆ ಸಾಕಿತ್ತು. ಮುಚ್ಚುವ ಮತದ ಜೊತೆ ಏನು ಸೇರಿಸಬೇಕು ಅಂತ ಟಿಪ್ಪಣಿ ಬರೆಯುವುದು ಕಡ್ಡಾಯ ಅಲ್ಲ, ಆಗಬೇಕಿತ್ತು ಅಂತ ನನ್ನ ಅಭಿಪ್ರಾಯ. ‘ವಿವರ ಸಾಲದು’ ಅಂದರೆ ಯಾವ ವಿವರ ಅಂತ ಹೊಸಬರಿಗೆ ತಿಳಿಯುವುದು ಹೇಗೆ?

ಅಘನಾಶಿನಿ

ಒಪ್ಪಿದೆ. ಹಾಗೆ ಟಿಪ್ಪಣಿ ಇಲ್ಲದೆ ಮುಚ್ಚಿದಾಗ ನೀವೇ ಕೆಳಗೆ ಒಂದು ಸಾಲು ಕೇಳಿ: ‘ಇದಕ್ಕೆ ಉತ್ತರ ಬರೆಯಲು ಇನ್ನೇನು ಬೇಕು?’ ಬಹಳ ಸಲ ಉತ್ತರ ಬರ್ತದೆ. ‘ಯಾಕೆ ಮುಚ್ಚಿದಿರಿ’ ಅಂತ ಶುರು ಮಾಡಿದರೆ ಮಾತು ಜಗಳಕ್ಕೆ ತಿರುಗ್ತದೆ. ತಿದ್ದುವಾಗ ಚೂರುಚೂರಾಗಿ ಐದು ಸಲ ತಿದ್ದುವುದಕ್ಕಿಂತ ಬೇರೆ ಕಡೆ ಪೂರ್ತಿ ಬರೆದುಕೊಂಡು ಒಂದೇ ಸಲಕ್ಕೆ ಹಾಕಿ. ಪರಿಶೀಲನೆಗೆ ಕೂತವರು ನೋಡುವುದು ಆ ರೂಪವನ್ನು. ಅರ್ಧ ತಿದ್ದಿದ್ದನ್ನು ಕಳಿಸಿ ಬೇಡ ಅಂದರೆ, ಎರಡನೇ ಸಲ ಅವರ ಮುಂದೆ ತರುವುದು ಕಷ್ಟ.

ಹುಲೇಕಲ್ ರಸ್ತೆ (ಶಿರಸಿ)

ಎನ್‌ಎಫ್‌ಸಿ ಹಾಕಿದೆ. ಕೋಕಾ, ಕೆಂಪುಗೋಟು ಸಿಕ್ಕವು. ಎಕ್ಸೆಲ್‌ನಲ್ಲಿ ಪುಟ್ಟ 2, ಪುಟ್ಟ 3 ಹೌದು, ‘ಸಿಗ್’ ಕೊಟ್ಟ ಮೇಲೆ ಕನ್ನಡ ಬಂತು. ಎರಡನೇ ಪ್ರಶ್ನೆಯನ್ನು ಆರು ಸಾಲಿನ ಕೋಡ್‌ಗೆ ಇಳಿಸಿ ಪರಿಶೀಲನೆಗೆ ಕಳಿಸಿದ್ದೇನೆ. ಬಿಳೆಗೋಟು ಮಾತ್ರ ಒಂದು ಪೇಟೆಯ ಫೈಲಿನಲ್ಲಿ ಇನ್ನೂ ಸಿಗುವುದಿಲ್ಲ. ಇದನ್ನೂ ಅದೇ ಪ್ರಶ್ನೆಯಲ್ಲಿ ಸೇರಿಸಲಾ?

ತದಡಿ

ಸೇರಿಸಬೇಡಿ. ಒಂದು ಪ್ರಶ್ನೆಯಲ್ಲಿ ಎರಡು ಸಮಸ್ಯೆ ಬಂದರೆ ‘ಗಮನ ಚದುರಿದೆ’ ಅಂತ ಮತ್ತೆ ಮುಚ್ಚುತ್ತಾರೆ. ಆ ಫೈಲಿನ ಹೆಸರಿಗೂ ‘ಆಸ್ಕಿ’ ಹಾಕಿ ನೋಡಿ. ಎನ್‌ಎಫ್‌ಸಿ ಆದ ಮೇಲೆ ಬಿಳೆಗೋಟುವಿನ ಉದ್ದ 8 ಬರಬೇಕು. 7 ಬಂದರೆ ಅವರು ‘ಬಿಳಗೋಟು’ ಅಂತ ಬರೆದಿರಬಹುದು. 9 ಬಂದರೆ ಹಿಂದೆಯೋ ಮುಂದೆಯೋ ಒಂದು ಸ್ಪೇಸ್ ಉಳಿದಿರಬಹುದು, ‘ಸ್ಟ್ರಿಪ್’ ಹಾಕಿ. 8 ಬಂದೂ ಸಿಗದಿದ್ದರೆ ‘ಬಿಳಿಗೋಟು’ ಇರಬಹುದು, ಮೂರನೇ ನಾಲ್ಕನೇ ಸಂಕೇತ ನೋಡಿ: 0ಸಿಬಿ3 ಆದ ಮೇಲೆ 0ಸಿಸಿ6 ಬೇಕು, 0ಸಿಬಿಎಫ್ ಇದ್ದರೆ ಅದೇ. ಕಾಗುಣಿತದ ಈ ವ್ಯತ್ಯಾಸಕ್ಕೆ ಯಾವ ನಾರ್ಮಲೈಸೂ ನಡೆಯುವುದಿಲ್ಲ. ಯಾವ ಪೇಟೆ ಯಾವ ವಿಧವನ್ನು ಹೇಗೆ ಬರೆಯುತ್ತದೆ ಅಂತ ಒಂದು ಹೊಂದಾಣಿಕೆ ಪಟ್ಟಿ ಕೈಯಲ್ಲೇ ಮಾಡಿಕೊಳ್ಳಬೇಕು. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಬಿಟ್ಟುಬಿಡದೆ ಬೇರೆ ಫೈಲಿಗೆ ಬರೆದಿಡುವ ಹಾಗೆ ಮಾಡಿ, ಇಲ್ಲದಿದ್ದರೆ ಒಂದು ವಿಧದ ಧಾರಣೆ ಬಿಟ್ಟು ಹೋದದ್ದು ತಿಂಗಳಾದರೂ ಗೊತ್ತಾಗುವುದಿಲ್ಲ.